ಕರಿಗುಡ್ಡದ ಮೇಲೆ ಸೆಲಿನಾ

ಪಂದ್ಯದ ಪಾರಿವಾಳ ಬರುವ ಭಾನುವಾರ ನಮ್ಮ ಬೀದಿಯಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲ. ಸೈಕಲ್ ತುಳಿಯುವುದಿಲ್ಲ, ಮಕ್ಕಳನ್ನು ಹೊರಗೆ ಬಿಡುವುದಿಲ್ಲ, ಸೀನು ಬಂದರೆ ಮೂಗು ಹಿಡಿದುಕೊಂಡು ಒಳಗೆ ಓಡುತ್ತಾರೆ. ಹಗ್ಗದ ಮೇಲೆ ಒಂದು ಬಿಳಿ ಹೊದಿಕೆ ಅಲ್ಲಾಡಿದರೂ ಸಾಕು, ಅಷ್ಟು ದೂರದಿಂದ ಹಾರಿ ಬಂದ ಹಕ್ಕಿ ಬೆದರಿ ಮಾಡಿನ ಮೇಲೇ ಕೂತುಬಿಡುತ್ತದೆ. ಅದು ಗೂಡಿಗಿಳಿದ ಮೇಲೆ, ಅದರ ಕಾಲಿನ ರಬ್ಬರ್ ಉಂಗುರ ತೆಗೆದು ಬಂದ ಹೊತ್ತು ಗುರುತಿಸುವ ಗಡಿಯಾರದ ಪೆಟ್ಟಿಗೆಗೆ ಹಾಕಿ ಅದುಮಿದಾಗಲೇ ಪಂದ್ಯ ಮುಗಿದ ಲೆಕ್ಕ. ನನ್ನ ಮದುವೆಯನ್ನು ಕೂಡ ಪಂದ್ಯವಿಲ್ಲದ ವಾರ ನೋಡಿ ಇಟ್ಟಿದ್ದರು ಎಂದರೆ ನೀವೇ ಯೋಚಿಸಿ.

ಅಂಥ ಒಂದು ಭಾನುವಾರ, ಅಂಥದ್ದೇ ಹೊತ್ತಿನಲ್ಲಿ, ಮೂವತ್ತು ಜನರನ್ನು ತುಂಬಿಕೊಂಡ ಬಸ್ಸೊಂದನ್ನು ನಾನು ನಮ್ಮ ಬೀದಿಯ ತಿರುವಿಗೆ ತಂದು ನಿಲ್ಲಿಸಿಬಿಟ್ಟೆ.

ತಪ್ಪು ನನ್ನದಲ್ಲ, ಗಾಳಿಯದು. ಪಾರಿವಾಳಗಳನ್ನು ಬೆಳಿಗ್ಗೆ ಬೂರ್ಜ್ ಪಟ್ಟಣದಲ್ಲಿ ಬಿಟ್ಟಿದ್ದರು. ಅಲ್ಲಿಂದ ಉತ್ತರದ ನಮ್ಮ ಓಬ್ರಿಕೂರಿಗೆ ಮಧ್ಯಾಹ್ನ ದಾಟಿದ ಮೇಲೆಯೇ ಬರಬೇಕು. ಅಷ್ಟರಲ್ಲಿ ಅತಿಥಿಗಳನ್ನು ಕರಿಗುಡ್ಡ ಹತ್ತಿಸಿ ಇಳಿಸಿಬಿಡುತ್ತೇನೆ ಎಂದು ಲೆಕ್ಕ ಹಾಕಿದ್ದೆ. ದಕ್ಷಿಣದ ಗಾಳಿ ಹಕ್ಕಿಗಳ ಬೆನ್ನಿಗೆ ಬೀಸಿದ್ದು ನನಗೇನು ಗೊತ್ತು? ಗುಡ್ಡದ ದಾರಿ ಶುರುವಾಗುವುದು ನಮ್ಮ ಬೀದಿಯ ಕೊನೆಯಿಂದ, ಬೇರೆ ದಾರಿಯಿಲ್ಲ.

ಅತಿಥಿಗಳು ಪೋಲೆಂಡಿನ ಕಲ್ಲಿದ್ದಲ ಊರಿನವರು. ಬರುವ ವರ್ಷ ಅವರ ಗಣಿ ಮುಚ್ಚುತ್ತದೆ. ನಮ್ಮದು ಮುಚ್ಚಿ ಯಾವ ಕಾಲವಾಯಿತು. ಊರು ಆಮೇಲೆ ಹೇಗೆ ಹಸಿರಾಯಿತೆಂದು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರನ್ನು ಸುತ್ತಾಡಿಸುವುದು ಪುರಸಭೆಯಲ್ಲಿ ನನ್ನ ಕೆಲಸ. ನಮ್ಮಜ್ಜ ಪೋಲೆಂಡಿನಿಂದಲೇ ಈ ಗಣಿಗೆ ಬಂದವನು, ಅಡುಗೆಮನೆಯಲ್ಲಿ ಅಜ್ಜಿಯಿಂದ ಕಲಿತ ಭಾಷೆ ನನ್ನ ಬಾಯಲ್ಲಿದೆ. ಬೆಳಿಗ್ಗೆ ಬಾಯಿ ಬಿಟ್ಟೆನೋ ಇಲ್ಲವೋ, ಬಸ್ಸಿಗೆ ಬಸ್ಸೇ ನಕ್ಕಿತು.

"ಯವ್ವಾ! ನಮ್ಮ ಮುತ್ತಜ್ಜಿ ಸಮಾಧಿಯಿಂದ ಎದ್ದು ಬಂದ್ಹಂಗಾತಲ್ಲ!" ಎಂದ ಎರ್ವಿನ್ ಎಂಬ ದಪ್ಪ ಮೀಸೆಯ ಮೇಸ್ತ್ರಿ. "ಇಂಥಾ ಮಾತು ನಮ್ಮೂರಾಗ ಈಗ ಯಾರೂ ಆಡೂದಿಲ್ಲ ಬಿಡ್ರಿ."

"ಮುತ್ತಜ್ಜಿ ಆದ್ರೆ ಮರ್ಯಾದೆ ಕೊಡಿ, ಹಿಂದೆ ಹಿಂದೆ ಬನ್ನಿ" ಎಂದೆ.

ನಗು ಅಲ್ಲಿಗೇ ಮುಗಿಯಿತು. ಚರ್ಚಿನ ಮಾಡಿನ ಮೇಲಿನ ಸೌರ ಫಲಕ ತೋರಿಸಿದೆ, ಆಕಳಿಸಿದರು. ಗಣಿ ಕುಸಿದ ಹೊಂಡ ಈಗ ಕೆರೆಯಾಗಿದೆ, ಬಾತುಕೋಳಿಗಳಿವೆ, ತೋರಿಸಿದೆ. ಎರ್ವಿನ್ ಕೈಕಟ್ಟಿ ನಿಂತು, "ಬಾತುಕೋಳಿ ಪಗಾರ ಕೊಡ್ತಾವೇನ್ರಿ?" ಎಂದ. ನನಗೆ ಮೈಯೆಲ್ಲ ಉರಿಯಿತು. ಉರಿದರೂ ಹಲ್ಲು ಕಚ್ಚಿಕೊಂಡೆ, ಯಾಕೆಂದರೆ ಆ ದಿನ ನನ್ನ ಜೀವವೆಲ್ಲ ಬೇರೆಲ್ಲೋ ಇತ್ತು.

ಅಪ್ಪನ ವಿಷಯ ಹೇಳಬೇಕು. ಕಾಜಿಮಿರ್ ಅವನ ಹೆಸರು, ಊರಿಗೆಲ್ಲ ಕಾಜಿಕ್. ಮೀಸೆ ಮೂಡುವ ಮೊದಲೇ ಗಣಿಗಿಳಿದವನು. ಅಲ್ಲಿನ ದೂಳು ಈಗಲೂ ಎದೆಯಲ್ಲಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಕುಕ್ಕರಿನ ಹಾಗೆ ಸುಂಯ್‌ಗುಡುತ್ತಾನೆ. ಕೋಪಕ್ಕೆ ಮಾತ್ರ ಉಸಿರು ಸಾಲದು ಅನ್ನುವ ಹಾಗೇ ಇಲ್ಲ. ನಮ್ಮಿಬ್ಬರ ಮನೆಗಳು ಒಂದೇ ಗೋಡೆಯ ಆಚೆ ಈಚೆ. ಎರಡು ವರ್ಷದಿಂದ ಅವನು ನನ್ನ ಜೊತೆ ಒಂದು ಮಾತಾಡಿರಲಿಲ್ಲ.

ಕಾರಣ ಒಂದು ಗಿಡುಗ. ಹಳೆಯ ಗಣಿಬಾಯಿಯ ಮೇಲೆ ಕಬ್ಬಿಣದ ಗೋಪುರವೊಂದು ಉಳಿದಿದೆಯಲ್ಲ, ಅದರ ತುದಿಗೆ ಗಿಡುಗದ ಗೂಡಿಗೆಂದು ಮರದ ಪೆಟ್ಟಿಗೆ ಕಟ್ಟಿಸಿದವಳು ನಾನು. ಗಣಿ ನಡೆಯುವಾಗ ಕಾಗೆಯೂ ಕೂರದಿದ್ದ ಗೋಪುರ! ಅಲ್ಲಿಗೆ ಗಿಡುಗ ಬಂದು ಮೊಟ್ಟೆಯಿಟ್ಟ ದಿನ ನಾನು ಪುರಸಭೆಯ ಮೆಟ್ಟಿಲ ಮೇಲೆ ಕುಣಿದಿದ್ದೆ. ಸರಿಯಾದದ್ದನ್ನೇ ಮಾಡಿದೆ, ಇವತ್ತಿಗೂ ಹಾಗೆಯೇ ಅನ್ನುತ್ತೇನೆ. ಆದರೆ ಆ ಮಹಾತಾಯಿ ಊರಿನ ಅಷ್ಟೂ ಕಾಡುಪಾರಿವಾಳಗಳನ್ನು ಬಿಟ್ಟು ಅಪ್ಪನ ಗಂಡು ಚಾಂಪಿಯನ್ ಪ್ರಿನ್ಸ್‌ನನ್ನು ಹಾರಿಸಿಕೊಂಡು ಹೋಯಿತು. ಗೂಡು ಇಳಿಸು ಎಂದ ಅಪ್ಪ. ಇಳಿಸುವುದಿಲ್ಲ ಎಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾವಿಬ್ಬರೂ. ಅವತ್ತಿನಿಂದ ಮಾತು ಬಂದ್.

ಮಾತು ಬಂದ್ ಎಂದರೆ ಹೇಳುವುದೇನೂ ನಿಂತಿರಲಿಲ್ಲ. ನಾನು ಸೂಪು ಮಾಡಿ ಅವನ ಕಿಟಕಿಯಲ್ಲಿಟ್ಟು ಬರುತ್ತಿದ್ದೆ. ಅವನು ಹಿತ್ತಲಲ್ಲಿ ನಿಂತು, ನನಗೆ ಕೇಳಲೆಂದೇ ಗಟ್ಟಿಯಾಗಿ ಪಾರಿವಾಳಕ್ಕೆ ಹೇಳುತ್ತಿದ್ದ: "ಸೆಲಿನಾ, ಪಕ್ಕದ್ಮನೆಯವಳಿಗೆ ಹೇಳು, ಆಲೂಗಡ್ಡೆ ಬೆಂದಿಲ್ಲ ಅಂತ." ಸ್ವಂತ ಮಗಳು, ಪಕ್ಕದ್ಮನೆಯವಳು! ಕೇಳಿದಾಗ ಮೊದಲು ನಗು ಬರುತ್ತಿತ್ತು. ಎರಡು ವರ್ಷ ಕೇಳಿದ ಮೇಲೆ ಯಾರಿಗೆ ನಗು ಬರುತ್ತದೆ?

ಸೆಲಿನಾ ಆ ಪ್ರಿನ್ಸ್‌ನ ಮಗಳು. ನೀಲಿ ರೆಕ್ಕೆಯ ಪುಟ್ಟ ಹೆಣ್ಣು, ಆ ಸಂತಾನದಲ್ಲಿ ಕೊನೆಯದು. ಆ ವಾರ ಅವಳನ್ನು ಬುಟ್ಟಿಗೆ ಹಾಕುವಾಗ ಅಪ್ಪನ ದನಿ ಗೋಡೆ ದಾಟಿ ಬಂತು. "ಸೆಲಿನಾ, ಭಾನುವಾರ ನೀನು ಆ ಪಿಶಾಚಿ ಬಾಯಿಗೆ ಬಿದ್ದೆ ಅಂದ್ರೆ, ಪಕ್ಕದ್ಮನೆಯವಳಿಗೆ ಈಗ್ಲೇ ಹೇಳ್ಬಿಡು, ನನ್ನ ಹೆಣದ ಹಿಂದೆ ಕೂಡ ಬರೋದು ಬೇಡ." ಅಪ್ಪ ಬಾಯಿಗೆ ಬಂದದ್ದು ಆಡುವವನಲ್ಲ. ಆಡಿದ ಮೇಲೆ ಹಿಂದೆ ತೆಗೆದುಕೊಳ್ಳುವವನಂತೂ ಅಲ್ಲವೇ ಅಲ್ಲ.

ಹೀಗಿರುವಾಗ ಬಸ್ಸಿನಿಂದಿಳಿದು ಬೀದಿ ನೋಡುತ್ತೇನೆ, ಎಲ್ಲ ಹಗ್ಗಗಳೂ ಖಾಲಿ, ಎಲ್ಲ ಬಾಗಿಲುಗಳೂ ಮುಚ್ಚಿವೆ. ಎದುರುಮನೆ ಮಾರ್ಸೆಲ್, ಪಾರಿವಾಳ ಸಂಘದ ಅಧ್ಯಕ್ಷ, ಬೇಲಿಯ ಮೇಲಿಂದ ಮುಖ ತೂರಿಸಿ ಎರಡೂ ಕೈಯಲ್ಲಿ 'ಕೂತ್ಕೊಳ್ರೋ' ಎಂದು ಸನ್ನೆ ಮಾಡುತ್ತಿದ್ದಾನೆ. ಅವನ ಮೊದಲ ಹಕ್ಕಿ ಆಗಲೇ ಬಂದು ಉಂಗುರ ಪೆಟ್ಟಿಗೆಗೆ ಬಿದ್ದಾಗಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನು ತಿರುಗಿ ತುಟಿಯ ಮೇಲೆ ಬೆರಳಿಟ್ಟೆ. ಮೂವತ್ತು ಜನ ಗಣಿಯವರು, ಬೂಟು ಹಾಕಿಕೊಂಡವರು, ಬೆಳಗಿನಿಂದ ಮುಖ ಗಂಟಿಕ್ಕಿಕೊಂಡವರು! ಇವರಿಗೆ ಏನೆಂದು ವಿವರಿಸಲಿ ದೇವರೇ?

ವಿವರಿಸಬೇಕಾಗಲಿಲ್ಲ. ಎರ್ವಿನ್ ಖಾಲಿ ಹಗ್ಗ ನೋಡಿದ, ಆಕಾಶ ನೋಡಿದ, ತಲೆಯ ಮೇಲಿನ ಟೋಪಿ ತೆಗೆದ. ಅವನ ಹಿಂದಿನವರೂ ತೆಗೆದರು. ಮೂವತ್ತೂ ಜನ ಸದ್ದಿಲ್ಲದೆ ಗೋಡೆಯುದ್ದಕ್ಕೂ ನೆಲಕ್ಕೆ ಕುಕ್ಕರಿಸಿಬಿಟ್ಟರು.

"ಎಲ್ಲಿಂದ ಬಿಟ್ಟಾರ?" ಎಂದು ಪಿಸುಗುಟ್ಟಿದ ಎರ್ವಿನ್. ಕಣ್ಣು ಫಳಫಳ ಹೊಳೆಯುತ್ತಿತ್ತು.

"ಬೂರ್ಜ್."

"ಗಾಳಿ ಭೇಷಿ ಐತಿ. ಈಗ ಬರ್ತಾವ ನೋಡ್ರಿ. ನಮ್ಮ ಮನ್ಯಾಗೂ ನಲವತ್ತು ಅದಾವ. ಮೊದಲ ಹೇಳಬಾರದೇನವಾ ಮುತ್ತಜ್ಜೀ? ಸುಮ್ನ ಬಾತುಕೋಳಿ ತೋರಿಸಿದಿ!"

ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಪ್ಪನ ಹಿತ್ತಲ ಬಾಗಿಲು ಕಿರ್ರೆಂದಿತು. ಅವನು ಅಂಗಳಕ್ಕೆ ಬಂದು, ಹಕ್ಕಿ ಕರೆಯಲು ಕೈಯಲ್ಲಿ ಬಟಾಣಿ ತುಂಬಿದ ತಗಡಿನ ಡಬ್ಬಿ ಹಿಡಿದು, ಕತ್ತೆತ್ತಿ ನಿಂತ. ಮೂವತ್ತು ಜನ ಕೂತಿರುವುದನ್ನು ನೋಡಿದ, ನನ್ನನ್ನು ನೋಡಿ ನೋಡದ ಹಾಗೆ ಮಾಡಿದ.

"ಬಂತು!" ಎಂದಳು ಉರ್ಸುಲಾ. ಅತಿಥಿಗಳಲ್ಲಿ ಎಲ್ಲರಿಗಿಂತ ಚಿಕ್ಕವಳು, ಗಣಿಯ ಅಳತೆ ಕೆಲಸದವಳು, ಕಣ್ಣು ಸೂಜಿಯ ಹಾಗೆ.

ದಕ್ಷಿಣದಲ್ಲಿ ಒಂದು ಚುಕ್ಕೆ. ಚುಕ್ಕೆಗೆ ರೆಕ್ಕೆ ಬಂತು. ಸೆಲಿನಾ! ಅವಳು ಎಡಕ್ಕೆ ವಾಲಿ ಹಾರುವುದು ನನಗೆ ಗೊತ್ತು, ಗೋಡೆಯಾಚೆಯಿಂದ ಎಷ್ಟು ಸಲ ನೋಡಿಲ್ಲ. ಬಾ ತಾಯಿ, ಬಾ, ಇನ್ನು ಸ್ವಲ್ಪ, ಚರ್ಚು ದಾಟಿದರೆ ಮನೆ ಬಂತು!

ಆಗ ಗೋಪುರದ ತುದಿಯಿಂದ ಅದು ಎದ್ದಿತು.

ಗಿಡುಗ ಎರಗುವುದನ್ನು ಅತಿಥಿಗಳಿಗೆ ನಾನು ಎಷ್ಟು ಸಲ ವರ್ಣಿಸಿದ್ದೇನೆ! ಅವತ್ತು ಮಾತ್ರ ನನ್ನ ಬಾಯಿಂದ, "ಅಯ್ಯೋ ಬೇಡ್ವೇ, ಬೇಡ್ವೇ" ಎಂದು ಹೊರಟಿತು. ಅದು ಮೇಲೆ ಮೇಲೆ ಹೋಗಿ, ರೆಕ್ಕೆ ಮಡಚಿ, ಕಲ್ಲು ಬಿದ್ದ ಹಾಗೆ ಬಿತ್ತು. ಆಕಾಶದಲ್ಲಿ ಒಂದು ಹಿಡಿ ಪುಕ್ಕ ಚದುರಿತು.

"ತಪ್ಪಿಸ್ಕೊಂಡಾಳ!" ಉರ್ಸುಲಾ ಎದ್ದು ನಿಂತಿದ್ದಳು. "ಅಲ್ನೋಡ್ರಿ, ಗುಡ್ಡದ ಮ್ಯಾಲ, ಗಿಡದಾಗ!"

ಹೌದು. ಸೆಲಿನಾ ಮನೆಯ ದಾರಿ ಬಿಟ್ಟು, ನೆಲ ಸವರಿಕೊಂಡು ಕರಿಗುಡ್ಡದ ಬರ್ಚ್ ಮರಗಳೊಳಗೆ ನುಗ್ಗಿಬಿಟ್ಟಿದ್ದಳು. ಗಣಿಯಿಂದ ತೆಗೆದು ಸುರಿದ ಕಸದ ಗುಡ್ಡ ಅದು, ನನ್ನ ಬಾಲ್ಯದಲ್ಲಿ ಹುಲ್ಲುಕಡ್ಡಿಯೂ ಇಲ್ಲದೆ ಹೊಗೆಯಾಡುತ್ತಿತ್ತು. ಈಗ ಹೆಸರು ಮಾತ್ರ ಕರಿ, ಮೈಯೆಲ್ಲ ಬರ್ಚ್ ತೋಪು. ಬಯಲಿನ ಆಕಾಶದಲ್ಲಿ ಗಿಡುಗ ರಾಣಿ. ಮರಗಳ ಸಂದಿಯಲ್ಲಿ ಅದರ ಆಟ ನಡೆಯುವುದಿಲ್ಲ. ಅದು ಮೇಲೆಯೇ ಸುತ್ತತೊಡಗಿತು.

ಅದು ಸುತ್ತುತ್ತಿರುವವರೆಗೆ ಸೆಲಿನಾ ಹೊರಗೆ ಬರುವುದಿಲ್ಲ. ಸಂಜೆಯಾದರೂ ಬರುವುದಿಲ್ಲ. ಅವಸರಪಟ್ಟು ಬಂದರೆ ಇನ್ನೂ ಕೆಟ್ಟದ್ದು. ಅಪ್ಪ ಡಬ್ಬಿ ಅಲ್ಲಾಡಿಸಿದ. ಬಟಾಣಿ ಗಲಗಲ ಎಂದಿತು, ಗುಡ್ಡಕ್ಕೆ ಎಲ್ಲಿ ಕೇಳಬೇಕು? ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಲು ನೋಡಿದ. ಗಾಳಿ ಬಂತೇ ಹೊರತು ಸದ್ದು ಬರಲಿಲ್ಲ. ಕೆಮ್ಮು ಹತ್ತಿ ಬೇಲಿ ಹಿಡಿದುಕೊಂಡ. ಕೆಮ್ಮು ನಿಂತ ಮೇಲೆ ಗೇಟು ತೆಗೆದು ಗುಡ್ಡದ ಕಡೆಗೆ ಹೊರಟೇಬಿಟ್ಟ.

ಆ ಎದೆ ಇಟ್ಟುಕೊಂಡು ಗುಡ್ಡ ಹತ್ತುತ್ತಾನಂತೆ! ನಾನು ಓಡಿ ಹೋಗಿ ಅಡ್ಡ ನಿಂತೆ. "ಅಪ್ಪಾ, ಹುಚ್ಚಾ ನಿಂಗೆ? ಅರ್ಧ ದಾರೀಲಿ ಬಿದ್ದು ಸಾಯ್ತೀಯ. ಕೊಡು ಇಲ್ಲಿ!"

ಅಪ್ಪ ನನ್ನ ಹೆಗಲಾಚೆ ಗುಡ್ಡ ನೋಡಿದ. ಬಾಯಿ ಬಿಡುತ್ತಾನೆಂದುಕೊಂಡೆ, ಬಿಡಲಿಲ್ಲ. ಡಬ್ಬಿಯನ್ನು ಮಾತ್ರ ನನ್ನ ಹೊಟ್ಟೆಗೆ ಒತ್ತಿ, ಕೈಬಿಟ್ಟ.

"ಯಜಮಾನ್ರ!" ಎರ್ವಿನ್ ಬೇಲಿಯಾಚೆಯ ಮಾರ್ಸೆಲ್ ಕಡೆಗೆ ತಿರುಗಿ ಗುಡುಗಿದ. ಆಮೇಲೆ ನನಗೆ, "ಕೇಳವಾ ಅವರ್ನ. ಹಕ್ಕಿ ಗುಡ್ಡದ ಮ್ಯಾಲೇ ಸಿಕ್ರ, ಉಂಗುರ ಅಷ್ಟ ಬಿಚ್ಚಿ ಓಡ್ಕೋತ ತಂದ್ರ ನಡೀತದೇನು? ನಮ್ಮಜ್ಜನ ಕಾಲಕ್ಕ ಊರಿಗೆಲ್ಲ ಒಂದ ಗಡಿಯಾರ ಇತ್ತು, ಹೆಂಡದಂಗಡ್ಯಾಗ. ಹುಡುಗ್ರು ಉಂಗುರ ಬಾಯಾಗ ಕಚ್ಕೊಂಡು ಓಡ್ತಿದ್ರು."

ನಾನು ಮಾರ್ಸೆಲ್‌ಗೆ ಹೇಳಿದೆ. ಮಾರ್ಸೆಲ್ ತಲೆ ಕೆರೆದುಕೊಂಡ. "ನಮ್ಮಲ್ಲೂ ಹಾಗೇ ಓಡ್ತಿದ್ರು. ನಮ್ಮಪ್ಪ ಒಂದ್ಸಲ ಉಂಗುರ ನುಂಗಿಬಿಟ್ಟಿದ್ದ" ಎಂದ. "ನಡೀತದೆ ಬಿಡು. ಉಂಗುರ ಕಾಜಿಕ್‌ನ ಪೆಟ್ಟಿಗೆಗೆ ಬಿದ್ರೆ ಸಾಕು. ನನ್ನದಂತೂ ಬಂದಾಯ್ತು."

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎರ್ವಿನ್ ಎರಡೇ ಮಾತು ಕೂಗಿದ. ಬೆಳಗಿನಿಂದ ಕಾಲೆಳೆದುಕೊಂಡು ನಡೆಯುತ್ತಿದ್ದ ಆ ಮೂವತ್ತು ಜನ ಎದ್ದೆವೋ ಬಿದ್ದೆವೋ ಎಂದು ಗುಡ್ಡದ ದಾರಿ ಹಿಡಿದು ಓಡಿದರು. ಎಷ್ಟೆಷ್ಟು ದೂರಕ್ಕೆ ನಿಲ್ಲಬೇಕೆಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಸುರಂಗದೊಳಗೆ ಮರದ ದಿಮ್ಮಿ ಕೈಯಿಂದ ಕೈಗೆ ದಾಟಿಸಿ ಅಭ್ಯಾಸವಿದ್ದವರು. ಒಬ್ಬ ದ್ರಾಕ್ಷಿ ತೋಟದ ಅಂಚಿನಲ್ಲಿ, ಒಬ್ಬ ಮೇಕೆ ಬೇಲಿಯ ಬಳಿ, ಒಬ್ಬ ಮೆಟ್ಟಿಲ ತಿರುವಿನಲ್ಲಿ, ಹೀಗೆ ಅಪ್ಪನ ಗೇಟಿನಿಂದ ಗುಡ್ಡದ ನೆತ್ತಿಯವರೆಗೆ ಸಾಲು ನಿಂತುಬಿಟ್ಟರು. ನಾನು, ಉರ್ಸುಲಾ, ಎರ್ವಿನ್ ಮೇಲಕ್ಕೆ.

"ಏನ್ ದ್ರಾಕ್ಷಿನ್ರಿ ಇಲ್ಲೆ!" ಎಂದು ಏದುಸಿರಿನಲ್ಲೇ ಎರ್ವಿನ್ ಕೇಳಿದ. "ಕಲ್ಲಿದ್ದಲ ಕಸದಾಗ ದ್ರಾಕ್ಷಿ?"

"ಕರೀ ಕಲ್ಲು ಬಿಸಿ ಹಿಡಿಯುತ್ತೆ, ಬೇಗ ಹಣ್ಣಾಗುತ್ತೆ. ಈಗ ಬಾಯ್ಮುಚ್ಕೊಂಡು ಹತ್ತಿ!"

ಎಲ್ಲ ಬಿಟ್ಟು ಈಗ ಕೇಳುತ್ತಾನೆ ಪುಣ್ಯಾತ್ಮ.

ತೋಪಿನೊಳಗೆ ತಂಪು. ಬಿಳಿಯ ಕಾಂಡಗಳ ನಡುವೆ, ನನ್ನ ಕೈಗೆಟುಕದ ಕೊಂಬೆಯಲ್ಲಿ, ಸೆಲಿನಾ ಕಾಂಡಕ್ಕೆ ಒತ್ತಿಕೊಂಡು ಕೂತಿದ್ದಳು. ಬಾಲದ ಪುಕ್ಕಗಳು ಕಿತ್ತುಹೋಗಿದ್ದವು. ರಕ್ತ ಕಾಣಲಿಲ್ಲ. ಡಬ್ಬಿ ಅಲ್ಲಾಡಿಸಿದೆ, ಅಲುಗಲಿಲ್ಲ. ಎರ್ವಿನ್ ತನ್ನೂರ ಸಿಳ್ಳೆ ಹಾಕಿದ. ಅವಳು ಇನ್ನೂ ಮೇಲಿನ ಕೊಂಬೆಗೆ ಹೋದಳು.

"ನಂದು ಅಕೀಗೆ ತಿಳೀವಲ್ದು. ನಿಮ್ಮಪ್ಪನ ಸಿಳ್ಳಿ ಬೇಕು" ಎಂದ.

ಅಪ್ಪನ ಸಿಳ್ಳೆ ನನಗೆ ಗೊತ್ತಿತ್ತು. ಒಂದು ಉದ್ದ, ಎರಡು ಗಿಡ್ಡ, ಕೊನೆಯದು ಮೇಲಕ್ಕೆ. ಹುಡುಗಿಯಾಗಿದ್ದಾಗ ಅವನ ಹೆಗಲ ಮೇಲೆ ಕೂತು ಕಲಿತದ್ದು. ಹೆಣ್ಣುಮಕ್ಕಳು ಸಿಳ್ಳೆ ಹಾಕಿದರೆ ಚರ್ಚಿನ ಮಾತೆ ಮರಿಯಮ್ಮನವರು ಅಳುತ್ತಾರೆ ಎಂದು ಅಜ್ಜಿ ಬಯ್ಯುತ್ತಿದ್ದಳು. ಹಾಕಿ ಎಷ್ಟೋ ವರ್ಷವಾಗಿತ್ತು. ಬೆರಳು ಬಾಯಿಗಿಟ್ಟೆ. ಮೊದಲ ಸಲ ಉಗುಳು ಮಾತ್ರ ಬಂತು. ಎರಡನೆಯ ಸಲ ಬಂತು ನೋಡಿ, ಅಪ್ಪನದೇ ಸಿಳ್ಳೆ, ಅವನ ಎದೆ ಗಟ್ಟಿಯಿದ್ದ ಕಾಲದ್ದು! ನನಗೇ ಕಣ್ಣು ತುಂಬಿ ಬಂತು. ಸೆಲಿನಾ ತಲೆ ಓರೆ ಮಾಡಿದಳು, ಕೊಂಬೆಯಿಂದ ಕೊಂಬೆಗೆ ಇಳಿದಳು, ಪಟಪಟ ಎಂದು ಬಂದು ನನ್ನ ತೋಳಿನ ಮೇಲೆ ಕೂತಳು.

ಉಂಗುರ ಬಿಡಿಸಿ ಉರ್ಸುಲಾಳ ಅಂಗೈಗೆ ಹಾಕಿದೆ. "ಓಡೇ!"

ಓಡಿದಳು ಅಂದರೆ ಅದೇನು ಓಟ! ಜಾರುವ ಕರಿಕಲ್ಲಿನ ಮೇಲೆ ಅರ್ಧ ಓಡಿ ಅರ್ಧ ಜಾರಿ ಮೊದಲನೆಯವನ ಕೈಗೆ ಕೊಟ್ಟಳು, ಅವನು ಮುಂದಿನವನಿಗೆ. "ಹಿಡಿಯೋ!" "ಬಿಟ್ಟಿ ಅಂದ್ರ ನೋಡು!" "ನನ್ನ ಕಡೆ, ನನ್ನ ಕಡೆ!" ಎಂದು ಗುಡ್ಡವೆಲ್ಲ ಕೂಗು. ಮೇಕೆಗಳು ಬೆದರಿ ಬೇಲಿಗೆ ಗುದ್ದಿದವು. ದ್ರಾಕ್ಷಿ ತೋಟದ ಹತ್ತಿರ ಒಬ್ಬ ಉಂಗುರ ಬೀಳಿಸಿಯೇಬಿಟ್ಟ. ನಾಲ್ಕು ಜನ ಮಂಡಿಯೂರಿ ಹುಡುಕಿ, ಹುಲ್ಲಿನೊಳಗಿಂದ ಹೆಕ್ಕಿ, ಮತ್ತೆ ಓಟ. ನಮ್ಮ ಬೀದಿಯ ಬಾಗಿಲುಗಳೆಲ್ಲ ತೆರೆದವು. ನನ್ನ ಜನ್ಮದಲ್ಲೇ ಮೊದಲ ಸಲ ಪಂದ್ಯದ ಭಾನುವಾರ ಆ ಬೀದಿ ಬೊಬ್ಬೆ ಹೊಡೆಯುವುದನ್ನು ಕೇಳಿದೆ. ಕೊನೆಯವನು ಗೇಟಿನಲ್ಲಿ ಅಪ್ಪನ ಕೈಗಿಟ್ಟ. ಅಪ್ಪ ಪೆಟ್ಟಿಗೆಗೆ ಹಾಕಿ ಮುಷ್ಟಿಯಲ್ಲಿ ಅದುಮಿದ. ಟಕ್ಕೆಂದ ಸದ್ದು ಮೇಲಿದ್ದ ನನಗೆ ಕೇಳಲಿಲ್ಲ, ಕೆಳಗೆ ಎದ್ದ "ಹೋ!" ಮಾತ್ರ ಕೇಳಿಸಿತು. ಎರ್ವಿನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ.

"ಇಂಥಾ ಊರು ಇದ್ರ ಗಣಿ ಮುಚ್ಚಲಿ ಬಿಡು!" ಎಂದು ಕೂಗಿದ. ಮರುಕ್ಷಣ, "ಹಂಗಲ್ಲ, ಮುಚ್ಚಬಾರದು. ಆದ್ರ ಮುಚ್ಚಿದ್ರೂ ಸಾಯೂದಿಲ್ಲ" ಎಂದು ತಿದ್ದಿಕೊಂಡ.

ಗಿಡುಗ ಗೋಪುರಕ್ಕೆ ಮರಳಿದ ಮೇಲೆ ನಾನು ಸೆಲಿನಾಳನ್ನು ಅಂಗಿಯೊಳಗೆ ಎದೆಗೊತ್ತಿಕೊಂಡು ಇಳಿದೆ. ಅವಳ ಗುಂಡಿಗೆಯೂ ನನ್ನದೂ ಪೈಪೋಟಿಗೆ ಬಿದ್ದ ಹಾಗೆ ಬಡಿಯುತ್ತಿದ್ದವು. ಅಪ್ಪನ ಅಂಗಳದಲ್ಲಿ ಆಗಲೇ ಜಾತ್ರೆ. ಯಾರೋ ಬಿಯರ್ ತಂದಿದ್ದರು, ಮಾರ್ಸೆಲ್‌ನ ಹೆಂಡತಿ ಬಾಣಲೆಯಲ್ಲಿ ಆಲೂಗಡ್ಡೆ ಕರಿಯುತ್ತಿದ್ದಳು. ಮೊದಲ ಸ್ಥಾನ ಮಾರ್ಸೆಲ್‌ನದೇ, ಸೆಲಿನಾಳದು ಎಲ್ಲೋ ನಡುವೆ. ಅದನ್ನು ಕೇಳಿದವರೇ ಇಲ್ಲ. ನಾನು ಗೇಟು ದಾಟಿದ ಕೂಡಲೇ ಎಲ್ಲರೂ ನನ್ನತ್ತ, ಅಪ್ಪನತ್ತ ತಿರುಗಿದರು. ಎರಡು ವರ್ಷದ ಕಥೆ ಬೀದಿಗೆಲ್ಲ ಗೊತ್ತು. ಅತಿಥಿಗಳಿಗೂ ಯಾರೋ ಕೈಸನ್ನೆಯಲ್ಲೇ ಊದಿರಬೇಕು.

ಅಪ್ಪ ಬಂದ. ಸೆಲಿನಾಳನ್ನು ತೆಗೆದುಕೊಂಡ, ರೆಕ್ಕೆ ಬಿಚ್ಚಿ ನೋಡಿದ, ಬಾಲದ ಕಡೆ ಊದಿ ನೋಡಿದ, ಕೊಕ್ಕಿಗೆ ಮೂಗು ತಾಗಿಸಿದ. ಇನ್ನು ಅವಳಿಗೇ ಹೇಳುತ್ತಾನೆ, 'ಪಕ್ಕದ್ಮನೆಯವಳಿಗೆ ಹೇಳು' ಎಂದು ಶುರು ಮಾಡುತ್ತಾನೆ ಎಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡು ನಿಂತೆ. ಥ್ಯಾಂಕ್ಸ್ ಅಂತೂ ನಮ್ಮ ವಂಶದಲ್ಲೇ ಇಲ್ಲ.

ಅವನು ಕತ್ತೆತ್ತಿ ಗೋಪುರವನ್ನು ನೋಡಿದ. ತುಂಬ ಹೊತ್ತು ನೋಡಿದ. ಗಿಡುಗ ಪೆಟ್ಟಿಗೆಯ ಅಂಚಿನಲ್ಲಿ ಕೂತು ಬೇಟೆಯಿಲ್ಲದ ಬರಿ ಉಗುರುಗಳನ್ನು ಕೊಕ್ಕಿನಲ್ಲಿ ತಿಕ್ಕಿಕೊಳ್ಳುತ್ತಿತ್ತು.

"ಇರೆನ್" ಎಂದ ಅಪ್ಪ.

ನನ್ನ ಹೆಸರು. ಅವನ ಬಾಯಲ್ಲಿ.

"ಅವಳಿಗೆ ಎಷ್ಟು ಮರಿ?"

ದಿನವಿಡೀ ಬಡಬಡ ಮಾತಾಡಿ ಸಂಬಳ ತೆಗೆದುಕೊಳ್ಳುವವಳು ನಾನು. "ಮೂರು" ಎಂದು ಹೇಳಲು ಎರಡು ಸಲ ಬಾಯಿ ತೆರೆಯಬೇಕಾಯಿತು.

"ಮೂರಾ!" ಅಪ್ಪ ತಲೆ ಕೊಡವಿದ. ತನ್ನ ಗೂಡಿನ ತಾಯಂದಿರ ಬಗ್ಗೆ ಮಾತಾಡುವ ದನಿ ಅದು. "ಮೂರು ಬಾಯಿ. ಅವುಕ್ಕೆ ಇವತ್ತು ಊಟ ಇಲ್ವಲ್ಲೇ ಹಾಗಾದ್ರೆ."

"ಬೇರೆ ಏನಾದ್ರೂ ಹಿಡೀತಾಳೆ ಬಿಡು ಅಪ್ಪಾ."

"ಹಿಡೀಲಿ, ಹಿಡೀಲಿ" ಎಂದ ಅಪ್ಪ. "ಮಾರ್ಸೆಲ್‌ದು ಬೇಕಾದಷ್ಟಿವೆ."

ಮಾರ್ಸೆಲ್ ಹೊಡೆಯಲು ಬರುವವನ ಹಾಗೆ ಎದ್ದ, ಅಂಗಳವೆಲ್ಲ ಗೊಳ್ಳೆಂದಿತು. ನಾನು ಅಪ್ಪನ ಭುಜಕ್ಕೆ ಮುಖವಿಟ್ಟು, ಎರಡು ವರ್ಷದ್ದನ್ನೆಲ್ಲ ಸೇರಿಸಿ ಅತ್ತೆ.